ಕಾರು ನಿಲ್ಲಿಸುತ್ತಿರುವವರು

ಮಾರ್ಚ್ 8, 2025, ಶನಿವಾರ

ಇದನ್ನು ಬರೆಯದೆಯೇ ಬಿಡುವವಳಿದ್ದೆ. ಕ್ಲಿನಿಕ್ಕಿನ ಲ್ಯಾಬಿನ ಕೌಂಟರಿನಲ್ಲಿ ರಮ್ಯ ಎಂಬ ಹುಡುಗಿ, ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದಾಗ ನಾನು, "ಕಾರ್ ಪಾರ್ಕ್ ಮಾಡ್ತಿದಾರೆ" ಎಂದೆ. ಯಾರೂ ಪಾರ್ಕ್ ಮಾಡುತ್ತಿರಲಿಲ್ಲ. ನನ್ನ ಹತ್ತಿರ ಕಾರೇ ಇಲ್ಲ.

ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟರೆ ಕೆಲವರಿಗೆ ತಲೆ ಸುತ್ತುತ್ತದೆ, ಅದಕ್ಕೇ ಎಲ್ಲರನ್ನೂ ಕೇಳುತ್ತಾರಂತೆ. ಒಬ್ಬಳೇ ಬಂದಿದ್ದೇನೆ ಎಂದು ಹೇಳಲು ಏನು ಕಷ್ಟವಿತ್ತು? ನನಗೆ ನಲವತ್ತಾರು. ನಾನೂ ಗಂಡನೂ ಬೇರೆಯಾಗಿ ಹತ್ತು ವರ್ಷ ದಾಟಿತು. ಬ್ಯಾಂಕಿನಲ್ಲಿ, ಮದುವೆ ಮನೆಗಳಲ್ಲಿ ಎಲ್ಲ ಕಡೆ ಸಲೀಸಾಗಿ ಹೇಳುವ ಮಾತು, ಬೆಳಗಿನ ಏಳು ಗಂಟೆಗೆ ಒಬ್ಬ ಅಪರಿಚಿತ ಹುಡುಗಿಯ ಮುಂದೆ ಬಾಯಿಗೆ ಬರಲಿಲ್ಲ.

ಆಫೀಸಿನ ವಾರ್ಷಿಕ ತಪಾಸಣೆಯಲ್ಲಿ ಸಕ್ಕರೆ ಬಾರ್ಡರಿನಲ್ಲಿದೆ ಎಂದು ಬಂದಿತ್ತು. ಕಾಯಿಲೆ ಅಲ್ಲ, ಕಾಯಿಲೆಗೆ ಮುಂಚಿನದು. ಆ ಕಾಗದವನ್ನು ಬಹಳ ದಿನ ಫ್ರಿಜ್ಜಿನ ಮೇಲೆ ಇಟ್ಟುಕೊಂಡು, ಕೊನೆಗೆ ಇವತ್ತು ಹೋದೆ.

ಮೊದಲು ಬರಿಹೊಟ್ಟೆಯಲ್ಲಿ ಒಮ್ಮೆ ರಕ್ತ, ಆಮೇಲೆ ತಿಂಡಿ, ಎರಡು ಗಂಟೆ ಬಿಟ್ಟು ಮತ್ತೊಮ್ಮೆ. ಕೆಳಗೇ ದರ್ಶಿನಿ ಇದೆ. ಮೊಣಕೈಯ ಮಡಿಕೆಯಲ್ಲಿ ಹತ್ತಿ ಕಂಡರೆ ಸಾಕು, ಇಡ್ಲಿ ಕೊಡುವವನು ಕೇಳದೆಯೇ ಚಟ್ನಿ ಇಲ್ಲದ ಎರಡು ಇಡ್ಲಿ ತಟ್ಟೆಗೆ ಹಾಕುತ್ತಾನೆ. ಹತ್ತಿ ಇಟ್ಟುಕೊಂಡವರೆಲ್ಲ ಒಂದೇ ಮೇಜಿನ ಸುತ್ತ ನಿಂತು ಒಣ ಇಡ್ಲಿ ನುಂಗುತ್ತಿದ್ದೆವು. ನನ್ನ ಪಕ್ಕದಲ್ಲಿ, ಕೌಂಟರಿನಲ್ಲೂ ನನ್ನ ಹಿಂದೆಯೇ ನಿಂತಿದ್ದ, ಅರವತ್ತು ದಾಟಿದ ಹೆಂಗಸು. ಕಿವಿಯಲ್ಲಿ ದಪ್ಪ ಓಲೆ, ಕಾಲಿಗೆ ಮೊಮ್ಮಗನದ್ದಿರಬೇಕು, ದೊಡ್ಡ ಶೂ. ಹೆಸರು ಸೊಣ್ಣಮ್ಮ. ಅಲ್ಲಾಳಸಂದ್ರ ಕೆರೆಯ ಹಿಂದೆ ಮನೆ. ಒಂದು ಕಾಲಕ್ಕೆ ಅಲ್ಲೆಲ್ಲ ಅವರದೇ ಹೊಲ, ಈಗ ಬಾಡಿಗೆಗೆ ಕೊಟ್ಟ ಕಟ್ಟಡಗಳು.

"ನಿಮ್ಗೂ ಬಾರ್ಡರ್ರಾ?" ಎಂದರು. ಹೌದು ಎಂದೆ.

"ಬಾರ್ಡರ್ ಅಂದ್ರೆ ಒಲದ ಬದು ಇದ್ದಂಗೆ ಕಣ್ರೀ. ಆಗಾಗ ಓಗಿ ನೋಡ್ಕೊಂಬರ್ಬೇಕು. ಬಿಟ್ರೆ ಪಕ್ಕದೋನು ವರ್ಸಕ್ಕೊಂದಡಿ ಒಳಕ್ ಬಂದಿರ್ತಾನೆ. ನಮ್ ಮಾವ ನೋಡ್ದಂಗಿದ್ದು ಅಂಗೇ ಎರಡು ಗುಂಟೆ ಕಳ್ಕಂಡ್ರು."

ಆಮೇಲೆ ಬೆಂಚಿನ ಮೇಲೆ ಎರಡು ಗಂಟೆ ಪಕ್ಕಪಕ್ಕ ಕುಳಿತೆವು. ಅವರು ಮನೆಯಲ್ಲಾದರೆ ಬೆಳಿಗ್ಗೆ ಎಲ್ಲರದೂ ಮುಗಿದ ಮೇಲೆ ಹಿಂದಿನ ದಿನದ ಅನ್ನಕ್ಕೆ ಸಾರು ಕಲಸಿಕೊಂಡು, ಮೇಲೆ ಎರಡು ಲೋಟ ಸಿಹಿ ಕಾಫಿ ಕುಡಿಯುತ್ತಾರಂತೆ. ಇವತ್ತು ಪರೀಕ್ಷೆಯಾದ್ದರಿಂದ ಇಡ್ಲಿ. ನಾನು ಮನೆಯಲ್ಲಿ ಏನು ತಿನ್ನುತ್ತೇನೆ ಎಂದು ಕೇಳಿದರು. ಇಡ್ಲಿ ಎಂದೆ.

ಎರಡನೆಯ ಸಲ ರಕ್ತ ಕೊಟ್ಟು ಹೊರಡುವಾಗ ಅವರು ಬಾಗಿಲ ಕಡೆ ನೋಡಿ, "ನಿಮ್ಮೋರು ಇನ್ನೂ ಕಾರ್ ನಿಲ್ಲಿಸ್ತಾನೇ ಅವ್ರಾ? ಯಲಹಂಕದಾಗೆ ಜಾಗ ಸಿಗಾದು ಕಷ್ಟ ಬಿಡಿ" ಎಂದರು. ಮುಖದಲ್ಲಿ ನಗು ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಮಾರ್ಚ್ 10, ಸೋಮವಾರ

ವರದಿ ಬಂತು. ಮೂರು ತಿಂಗಳ ಸರಾಸರಿ 6.2. ಆರೂವರೆ ಮುಟ್ಟಿದರೆ ಸಕ್ಕರೆ ಕಾಯಿಲೆ ಎಂದೇ ಲೆಕ್ಕ. ತಿಂಡಿಯ ನಂತರದ ಅಂಕಿ ಮಾತ್ರ ಚೆನ್ನಾಗಿದೆ. ಡಾಕ್ಟರ್ ನಾಗಭೂಷಣ ಎರಡನ್ನೂ ನೋಡಿ ಹುಬ್ಬೇರಿಸಿದರು. ಇದು ಇಷ್ಟು ಕಡಿಮೆ ಇದ್ದರೆ ಅದು ಅಷ್ಟು ಯಾಕೆ ಬರಬೇಕು, ಏನು ತಿಂದಿದ್ದಿರಿ ಎಂದು ಕೇಳಿದರು. ಎರಡು ಇಡ್ಲಿ ಎಂದೆ. ದಿನಾ ಅದೇನಾ? ಹೌದು ಎಂದೆ. ಹೊರಗೆ ಜನ ಕಾಯುತ್ತಿದ್ದರು. ನಡೆಯಿರಿ, ಅನ್ನ ಕಡಿಮೆ ಮಾಡಿ, ಮೂರು ತಿಂಗಳಿಗೆ ಬನ್ನಿ ಎಂದರು.

ದಿನಾ ತಿನ್ನುವುದು ಕ್ರೀಮ್ ಬನ್ನು. ಕೆಳಗಿನ ಬೇಕರಿಯದು. ಲ್ಯಾಪ್‌ಟಾಪ್ ಮುಂದೆ.

ಮೂರು ದಿನದಲ್ಲಿ ಎರಡು ಸುಳ್ಳು. ಎರಡೂ ಯಾರ ಉಪಯೋಗಕ್ಕೂ ಬಾರದವು.

ಏಪ್ರಿಲ್ 17, ಗುರುವಾರ

ನನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ವಿವರಿಸುವುದು ಕಷ್ಟ. ಬ್ಯಾಂಕು, ಆಸ್ಪತ್ರೆ, ವಿಮೆಯವರು ಜನರ ಫೋನಿಗೆ ಕಳಿಸುವ ಚಿಕ್ಕ ಸಂದೇಶಗಳನ್ನು ಬರೆದುಕೊಡುತ್ತೇನೆ. ಇಂಗ್ಲಿಷಿನಲ್ಲಿ. ಇವತ್ತು ಒಂದು ದಂತ ವೈದ್ಯರ ಸಂಸ್ಥೆಗೆ ಬರೆದೆ: ನಿಮ್ಮ ತಪಾಸಣೆಯ ಸಮಯವಾಗಿದೆ, ಈಗಾಗಲೇ ಮಾಡಿಸಿದ್ದರೆ ಇದನ್ನು ಕಡೆಗಣಿಸಿ. 'ಕಡೆಗಣಿಸಿ' ಎಂಬ ಪದ ಇಲ್ಲದ ಒಂದು ಸಂದೇಶವನ್ನೂ ನಾನು ಈವರೆಗೆ ಬರೆದಿಲ್ಲ.

ಈ ದಿನಚರಿಯನ್ನು ಕನ್ನಡದಲ್ಲಿ ಬರೆಯುವುದು ಬಹುಶಃ ಅದಕ್ಕೇ. ಕಾನ್ವೆಂಟಿನಲ್ಲಿ ಕನ್ನಡ ಎರಡನೇ ಭಾಷೆ, ಕಾಗುಣಿತ ಈಗಲೂ ಅನುಮಾನ. ಆದರೆ ಇಂಗ್ಲಿಷ್ ಕೈಗೆತ್ತಿಕೊಂಡರೆ ಮೇಲ್ ಬರೆಯುತ್ತಿದ್ದೇನೆ ಅನ್ನಿಸುತ್ತದೆ.

ಮೇ 23, ಶುಕ್ರವಾರ

ಹುಟ್ಟುಹಬ್ಬ. ಮೊದಲ ಶುಭಾಶಯ ಬ್ಯಾಂಕಿನಿಂದ. ವಾಕ್ಯ ನಾನೇ ಬರೆದದ್ದು. ನಿಮ್ಮ ದಿನ ಸಿಹಿಯಾಗಿರಲಿ.

ಅಣ್ಣ ಪುಣೆಯಿಂದ ಸಂಜೆ ಫೋನ್ ಮಾಡಿದ. ಆರೋಗ್ಯ ಹೇಗಿದೆ ಎಂದ. ಚೆನ್ನಾಗಿದೆ ಎಂದೆ.

ಬನ್ನು ಎರಡು.

ಜೂನ್ 9, ಸೋಮವಾರ

ಕ್ಲಿನಿಕ್ಕಿನ ಸಂದೇಶ ಬಂತು. ಡಿಯರ್ ಪೇಷೆಂಟ್, ಮರುತಪಾಸಣೆಗೆ ಬನ್ನಿ, ಈಗಾಗಲೇ ಬಂದಿದ್ದರೆ ಕಡೆಗಣಿಸಿ. ಇದು ನನ್ನದಲ್ಲ, ಆದರೆ ನನ್ನದೇ ಆಗಬಹುದಿತ್ತು. ಹೆಸರೂ ಇರಲಿಲ್ಲ.

ಮೊದಲಾಗಿದ್ದರೆ ಅಳಿಸಿಹಾಕುತ್ತಿದ್ದೆ. ಶನಿವಾರ ಹೋಗೋಣ ಅನ್ನಿಸಿತು. ಹೋಗುವುದು ರಕ್ತ ಕೊಡಲು, ಬೇರೆ ಕಾರಣವಿಲ್ಲ.

ಜೂನ್ 14, ಶನಿವಾರ

ಹಸಿರು ಬಣ್ಣದ ಕುರ್ತಾ ಇಸ್ತ್ರಿ ಮಾಡಿ ಹಾಕಿಕೊಂಡು ಹೋದೆ. ರಕ್ತ ಕೊಡಲು ಇಸ್ತ್ರಿ ಯಾಕೆ ಬೇಕಿತ್ತೋ.

ಬಾರ್ಡರಿನವರನ್ನೆಲ್ಲ ಮೂರು ತಿಂಗಳಿಗೆ ಕರೆಯುತ್ತಾರೆ, ಆದರೂ ಸೊಣ್ಣಮ್ಮನವರು ಬಂದಿರಲಿಲ್ಲ. ಅದೇ ಬೆಂಚು, ಅದೇ ಒಣ ಇಡ್ಲಿ. ಎರಡು ಗಂಟೆ ಕುಳಿತೆ. ಬಾಗಿಲು ತೆರೆದಾಗಲೆಲ್ಲ ನೋಡಿದೆ. ಜೊತೆಗೆ ಯಾರು ಎಂದು ಕೇಳಿದಾಗ ಈ ಸಲ ಯಾರೂ ಇಲ್ಲ ಎಂದೆ. ರಮ್ಯ ತಲೆ ಎತ್ತದೆ ಬರೆದುಕೊಂಡಳು, ಅಷ್ಟೇ.

ಹೊರಡುವಾಗ, ಮಾರ್ಚ್‌ನಲ್ಲಿ ಬಂದಿದ್ದ ಆ ಅಜ್ಜಿ ಬಂದು ಹೋದರಾ ಎಂದು ಕೇಳಿದೆ. ಬೇರೆಯವರ ವಿಷಯ ಹೇಳುವ ಹಾಗಿಲ್ಲ ಎಂದು ರಮ್ಯ ಮೆಲ್ಲಗೆ ಹೇಳಿ, ನನ್ನ ಮುಖ ನೋಡಿ, "ಮೆಸೇಜ್ ಎಲ್ರಿಗೂ ಹೋಗಿದೆ ಮೇಡಂ. ಡಬಲ್ ಟಿಕ್ ಬಂದಿದೆ" ಎಂದಳು.

ಸರಿಯಾಗಿಯೇ ಹೇಳಿದಳು. ಕೇಳಲು ನಾನು ಯಾರು? ಒಂದು ಬೆಳಿಗ್ಗೆ ಪಕ್ಕದಲ್ಲಿ ಕೂತವಳು.

ನನ್ನ ವರದಿ ಈ ಸಲ ಸಂಜೆಯೇ ಫೋನಿಗೆ ಬಂತು. ಸರಾಸರಿ 6.3.

ಜುಲೈ 6, ಭಾನುವಾರ

ದಿನಾ ಸಂಜೆ ಕೆರೆ ಸುತ್ತ ನಡೆಯುತ್ತಿದ್ದೇನೆ. ಡಾಕ್ಟರ್ ಹೇಳಿದ್ದಾರೆ. ಕೆರೆಯ ಹಿಂದಿನ ರಸ್ತೆಯಲ್ಲಿ ಹೋದರೆ ದಾರಿ ಸ್ವಲ್ಪ ಉದ್ದವಾಗುತ್ತದೆ, ಅದು ಒಳ್ಳೆಯದೇ. ಆ ರಸ್ತೆಯಲ್ಲಿ ಒಂದು ನಾಲ್ಕಂತಸ್ತಿನ ಮನೆಯ ಮುಂದೆ, ಎರಡು ಕಾರುಗಳ ನಡುವೆ, ಒಂದು ಹಸು ಕಟ್ಟಿರುತ್ತಾರೆ. ಮನೆ ಮುಂದೆ ಹಸು ಇರ್ತದೆ ಎಂದು ಸೊಣ್ಣಮ್ಮನವರು ಹೇಳಿದ್ದರು. ಇದೇ ಇರಬೇಕು. ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು ಹಸುವನ್ನು ನೋಡುತ್ತೇನೆ. ಒಳಗಿನಿಂದ ಟೀವಿ, ಮಕ್ಕಳ ಜಗಳ, ಕುಕ್ಕರಿನ ಸೀಟಿ. ಇಷ್ಟು ಜನರಿರುವ ಮನೆಯಲ್ಲಿ ಯಾರೋ ಒಬ್ಬರು ಅವರಿಗೆ ನೆನಪಿಸಿರುತ್ತಾರೆ. ಬೇರೆ ಲ್ಯಾಬಿಗೆ ಹೋಗಿರಬಹುದು.

ಬೆಲ್ ಒತ್ತಲಿಲ್ಲ.

ಜುಲೈ 20, ಭಾನುವಾರ

ಇವತ್ತು ಸಿಕ್ಕಿಬಿದ್ದೆ. ಹಸುವಿನ ಹಿಂದಿನಿಂದ ಸೊಣ್ಣಮ್ಮನವರು ಎದ್ದು ನಿಂತರು, ಕೈಯಲ್ಲಿ ಹುಲ್ಲು.

"ಯಾರು, ಇಡ್ಲಿ ಮೇಡಮ್ಮಾ? ಎಷ್ಟ್ ದಿನದಿಂದ ಮೇಲಿಂದ ನೋಡ್ತಾ ಇದೀನಿ. ಬರ್ತೀರ, ಅಸೂನ್ ನೋಡ್ತೀರ, ಓಯ್ತೀರ. ನಾವು ಅಸು ಮಾರೋದಿಲ್ಲ ಕಣ್ರೀ."

ಅವರು ಸಣ್ಣಗಾಗಿದ್ದರು. ಕೊರಳ ಚರ್ಮ ಸಡಿಲ. ಒಳಗೆ ಕರೆದು ಕೂರಿಸಿದರು. ತಪಾಸಣೆಗೆ ಬರಲಿಲ್ಲವಲ್ಲ ಎಂದರೆ, ಅವರಿಗೆ ಅದರ ಸುದ್ದಿಯೇ ಇಲ್ಲ. ಕರೀತಾರೆ ಅಂದಿದ್ದರು, ಕರೆಯಲಿಲ್ಲ, ಹಾಗಾದರೆ ಎಲ್ಲ ಸರಿಯಿದೆ ಎಂದುಕೊಂಡರಂತೆ. ಅವರ ಹತ್ತಿರ ಫೋನಿಲ್ಲ. ಕೌಂಟರಿನಲ್ಲಿ ಮಗ ಅಶ್ವತ್ಥ್‌ನ ನಂಬರ್ ಕೊಟ್ಟಿದ್ದಾರೆ. ಡಬಲ್ ಟಿಕ್ ಬಂದದ್ದು ಅಶ್ವತ್ಥ್‌ನ ಜೇಬಿನಲ್ಲಿ.

"ಸಣ್ಣ ಆಗಿದೀಯ, ಏನ್ ಮಾಡ್ದೆ ಅಂತ ಎಲ್ರೂ ಕೇಳ್ತಾರೆ. ಏನೂ ಮಾಡಿಲ್ಲ. ನೀರು ಕುಡಿಯಾದೊಂದು ಜಾಸ್ತಿ ಆಗೈತೆ, ಅಷ್ಟೆ" ಎಂದು ಅವರು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು.

ದಾಹ, ತೂಕ ಇಳಿಯುವುದು. ಇವುಗಳ ಅರ್ಥ ನನಗೆ ಗೊತ್ತು, ಇಂಥದರ ಬಗ್ಗೆ ಸಂದೇಶ ಬರೆದಿದ್ದೇನೆ. ಅಷ್ಟರಲ್ಲಿ ಸೊಸೆ ಕಾಫಿ ತಂದಳು. ಕಾಫಿ ಚೆನ್ನಾಗಿದೆ ಎಂದು ಹೇಳಿ ಎದ್ದು ಬಂದೆ.

ಜುಲೈ 21, ಸೋಮವಾರ

ಕೆಲಸ ಓಡಲಿಲ್ಲ. ಕಾಫಿ ಚೆನ್ನಾಗಿದೆ ಎನ್ನುವುದಕ್ಕಾ ನಾನು ಅಷ್ಟು ದಿನ ಆ ಗೇಟಿನ ಮುಂದೆ ನಿಂತದ್ದು?

ಮಧ್ಯಾಹ್ನವೇ ಹೋದೆ. ನಡೆಯುವ ಹೊತ್ತಲ್ಲ, ಬಿಸಿಲಿತ್ತು. ಈ ಸಲ ಬೆಲ್ ಒತ್ತಿದೆ. ಸಣ್ಣಗಾಗಿರುವುದು ಒಳ್ಳೆಯ ಲಕ್ಷಣ ಅಲ್ಲದಿರಬಹುದು, ರಕ್ತ ನೋಡಲೇಬೇಕು ಎಂದು ಹೇಳಿದೆ. ನನ್ನ ಧ್ವನಿ ಯಾರನ್ನೋ ಬೈಯುತ್ತಿರುವ ಹಾಗೆ ಕೇಳಿಸಿತು. ಅಶ್ವತ್ಥ್ ಊಟಕ್ಕೆ ಬಂದಿದ್ದ. ಫೋನ್ ತೆಗೆದು ಹುಡುಕಿದ. ಸೈಟು, ಲೇಔಟು, ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಎಲ್ಲೋ ಆಳದಲ್ಲಿ ಸಿಕ್ಕಿತು. ತೆರೆದೇ ಇರಲಿಲ್ಲ. ಪಾಪ, ಅವನ ಮುಖ ಬಾಡಿತು. "ಡಿಯರ್ ಪೇಷೆಂಟ್ ಅಂತಿದೆ ಮೇಡಂ. ನೋಡಿದ್ರೂ ಅಮ್ಮಂಗೆ ಅಂತ ಗೊತ್ತಾಗ್ತಿರ್ಲಿಲ್ಲ" ಎಂದ.

"ಅವ್ನನ್ ಯಾಕ್ ಅಂತೀರ ಬಿಡಿ" ಎಂದರು ಸೊಣ್ಣಮ್ಮ. ನಾನು ಅವನನ್ನು ಏನೂ ಅಂದಿರಲಿಲ್ಲ. "ನನ್ ಬದು ನೋಡ್ಕೊಳಾದು ಅವ್ನ್ ಜೇಬಾಗ್ ಯಾಕಿರ್ಬೇಕು?"

ಬರುವ ಶನಿವಾರ ಕಿರಿಯ ಮೊಮ್ಮಗನ ನಾಮಕರಣ. ಅದಕ್ಕೂ ಮೊದಲು ಮನೆ ಬಿಟ್ಟು ಹೊರಡುವ ಹಾಗಿಲ್ಲವಂತೆ. ಅದರ ಮುಂದಿನ ಶನಿವಾರ ಎಂದು ನಿಗದಿಯಾಯಿತು. ಮನೆಯಲ್ಲಿ ತಿನ್ನುವುದನ್ನೇ ತಿಂದು ಪರೀಕ್ಷೆ ಕೊಡೋಣ, ಇಡ್ಲಿ ಬೇಡ ಎಂದು ನಾನೇ ಹೇಳಿದೆ. ಹೇಳಿದ ಮೇಲೆ ನನ್ನ ಮನೆಯ ನೆನಪಾಯಿತು.

ಆಗಸ್ಟ್ 2, ಶನಿವಾರ

ಆಟೋದಲ್ಲಿ ಹೋದೆವು. ಕೌಂಟರಿನಲ್ಲಿ ರಮ್ಯ, ಜೊತೆಗೆ ಯಾರಜ್ಜಿ ಎಂದಳು. ಸೊಣ್ಣಮ್ಮ ನನ್ನ ಕಡೆ ಕೈ ತೋರಿಸಿದರು. ಆಮೇಲೆ ನನ್ನ ಸರದಿ. ನಾನು ಬಾಯಿ ತೆರೆಯುವ ಮುಂಚೆಯೇ, "ಇವ್ರ ಜೊತೆ ನಾನಿದೀನಿ ಬರ್ಕೊ. ಕಾರ್ ನಿಲ್ಸಾದೇನೂ ಇಲ್ಲ" ಎಂದರು.

ಮಾರ್ಚ್‌ನಿಂದಲೂ ಅವರಿಗೆ ಗೊತ್ತಿತ್ತು.

ಬೆಂಚಿನ ಮೇಲೆ ಅವರು ಡಬ್ಬಿ ತೆರೆದರು. ಸಾರು ಕಲಸಿದ ರಾತ್ರಿಯ ಅನ್ನ, ಫ್ಲಾಸ್ಕಿನಲ್ಲಿ ಕಾಫಿ. ನಾನು ಬ್ಯಾಗಿನಿಂದ ಬನ್ನು ತೆಗೆದೆ. ಎಣ್ಣೆ ಹೀರಿದ ಬೇಕರಿ ಕಾಗದ ಇಷ್ಟು ಸದ್ದು ಮಾಡುತ್ತದೆ ಎಂದು ಮನೆಯಲ್ಲಿ ಯಾವತ್ತೂ ಅನ್ನಿಸಿರಲಿಲ್ಲ.

"ಇದೇನಾ ದಿನಾ?"

"ಹೂಂ."

"ಅಡ್ಗೆ ಬರಲ್ವಾ?"

"ಬರುತ್ತೆ."

"ಮತ್ತೆ?"

"ಒಬ್ಬಳಿಗೆ ಅಂತ ಕುಕ್ಕರ್ ಇಡೋಕೆ ಮನಸ್ಸು ಬರಲ್ಲ ಅಮ್ಮ."

ಅವರು ಡಬ್ಬಿಯನ್ನು ನನ್ನ ಕಡೆ ಅರ್ಧ ಸರಿಸಿದರು, ಮತ್ತೆ ಹಿಂದಕ್ಕೆಳೆದುಕೊಂಡರು.

"ಕೊಡ್ತಿದ್ದೆ ಕಣಮ್ಮ. ಕೊಟ್ರೆ ನಿನ್ ಪರೀಕ್ಸೆ ಸುಳ್ಳಾಯ್ತದೆ. ತಿನ್ನು, ನಿನ್ ಬನ್ನೇ ತಿನ್ನು."

ತಿಂದೆ. ಅವರು ನೋಡುತ್ತಿದ್ದರು. ಅಲ್ಲಿಂದ ಮುಂದೆ ನನ್ನನ್ನು ನೀನು ಎಂದೇ ಕರೆಯುತ್ತಿದ್ದಾರೆ. ಮೇಡಂ ಹೋಗಿ ಮೋನಿಕಮ್ಮ ಆಗಿದೆ. ಮೋನಿಕಾ ಎಂದು ತಿದ್ದಲಿಲ್ಲ.

ಆಗಸ್ಟ್ 4, ಸೋಮವಾರ

ಸೊಣ್ಣಮ್ಮನವರದು 7.1.

ಡಾಕ್ಟರ್ ನಿಧಾನವಾಗಿ ವಿವರಿಸಿದರು. ಖಚಿತ ಮಾಡಿಕೊಳ್ಳಲು ಅವತ್ತಿನ ಬೇರೆ ಅಂಕಿಗಳನ್ನೂ ತೋರಿಸಿದರು. ಮಾತ್ರೆ ಶುರು ಮಾಡಬೇಕು, ಕಣ್ಣು, ಕಾಲು, ಮೂತ್ರಪಿಂಡ ನೋಡಿಸಬೇಕು. ಸೊಣ್ಣಮ್ಮ ಅವರನ್ನು ಬಿಟ್ಟು ನನ್ನನ್ನು ಕೇಳಿದರು: "ಬದು ದಾಟೈತಾ?"

"ದಾಟಿದೆ ಅಮ್ಮ."

"ಎಷ್ಟಡಿ?"

ಹಿಡಿತದಲ್ಲಿಡಬಹುದು ಎಂದು ಡಾಕ್ಟರೇ ಹೇಳಿದರು. ಜೂನ್‌ನಲ್ಲಿ ಬಂದಿದ್ದರೆ ಎಂದು ಅವರು ಅನ್ನಲಿಲ್ಲ. ನಾನು ಅಂದುಕೊಂಡೆ. ಜೂನ್‌ನಲ್ಲಿ ಆ ಬೆಂಚು ಖಾಲಿಯಿದ್ದದ್ದನ್ನು ನೋಡಿದವಳು ನಾನೊಬ್ಬಳೇ. ನೋಡಿಯೂ ಬೆಲ್ ಒತ್ತದೆ ಗೇಟಿನಲ್ಲಿ ಹಸುವನ್ನು ನೋಡುತ್ತ ನಿಂತಿದ್ದೆ.

ನನ್ನದು 6.3 ರಲ್ಲೇ ಇದೆ. ಬನ್ನಿನ ನಂತರದ ಅಂಕಿ ಮಾತ್ರ ಮೊದಲಿನ ಹಾಗಿಲ್ಲ, ಎದ್ದು ಕೂತಿದೆ. ಇಡ್ಲಿಯ ವಿಷಯ ಡಾಕ್ಟರಿಗೆ ಹೇಳಿಬಿಟ್ಟೆ. ಕೆಳಗಿನ ದರ್ಶಿನಿಯಲ್ಲಿ ಹತ್ತಿ ಕಂಡವರಿಗೆಲ್ಲ ಒಣ ಇಡ್ಲಿ ಕೊಡುತ್ತಾರೆ ಎಂದೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಇಷ್ಟು ವರ್ಷ ನಾನು ಆ ಇಡ್ಲಿಗೆ ಔಷಧಿ ಬರೆದುಕೊಟ್ಟಿದೀನಿ ಹಾಗಾದ್ರೆ" ಎಂದರು. ಬಾಯಿಬಿಟ್ಟದ್ದಾಯಿತೆಂದು ಇನ್ನೊಂದನ್ನೂ ಹೇಳಿದೆ. ನಂಬರ್ ಬರೆದುಕೊಳ್ಳುವಾಗ ಆ ಫೋನು ಯಾರ ಕೈಯಲ್ಲಿರುತ್ತದೆ ಎಂದು ಕೇಳಲಿ, ಸಂದೇಶದಲ್ಲಿ ಹೆಸರಿರಲಿ, ಬಾರದವರನ್ನು ಯಾರಾದರೂ ಒಮ್ಮೆ ಕೂಗಿ ಕರೆಯಲಿ. ರಮ್ಯಳನ್ನು ಕರೆದು ಹೇಳಿದರು. ಮಾಡುತ್ತಾರೋ ಇಲ್ಲವೋ.

ಆಟೋದಲ್ಲಿ ಸೊಣ್ಣಮ್ಮ ಮಾತ್ರೆಯ ಚೀಟಿಯನ್ನು ರವಿಕೆಯೊಳಗೆ ಇಟ್ಟುಕೊಂಡು, "ನಂಗ್ ಫೋನು ಗೀನು ಬ್ಯಾಡ. ಮುಂದಿನ್ ಸಲ ನನ್ನೆಸ್ರಿಗೊಂದ್ ಕಾಗ್ದ ಆಕು" ಎಂದರು. "ಪೋಸ್ಟ್‌ಮ್ಯಾನ್ ಗೇಟಾಗ್ ನಿಂತ್ಕಂಡು ನನ್ನೆಸ್ರು ಕೂಗ್ಬೇಕು. ಆಗ ಮನೇಲ್ ಎಲ್ರಿಗೂ ಗೊತ್ತಾಯ್ತದೆ, ಆ ಶನಿವಾರ ನಂದು ಅಂತ. ಯಾರೂ ನಾಮಕರಣ ಇಟ್ಕಳಲ್ಲ."

ಹಾಕುತ್ತೇನೆ ಎಂದೆ.

"ನಿಂಗ್ಯಾರ್ ಆಕ್ತಾರೆ?"

ನನಗೆ ಮೆಸೇಜ್ ಬರುತ್ತೆ ಎಂದೆ. ಅವರು ಹೊರಗೆ ನೋಡಿದರು. ಇಳಿಯುವಾಗ ಫ್ಲಾಟ್ ನಂಬರ್ ಕೇಳಿದರು, ಹಿತ್ತಲಿನ ಸೊಪ್ಪು ಕಳಿಸುವುದಕ್ಕೆ.

ಸೆಪ್ಟೆಂಬರ್ 11, ಗುರುವಾರ

ಮತ್ತೆ ಸೊಪ್ಪು ಬಂತು. ಒಂದು ಹೊರೆ ದಂಟು. ಹಾಳಾಗುತ್ತದಲ್ಲ ಎಂದು ಕುಕ್ಕರ್ ಇಟ್ಟೆ. ಬೇರೆ ಕಾರಣವಿಲ್ಲ. ಗ್ಯಾಸ್ಕೆಟ್ ಗಟ್ಟಿಯಾಗಿಹೋಗಿತ್ತು, ಹೊಸದು ತರಬೇಕಾಯಿತು. ಸೀಟಿ ಕೂಗಿದಾಗ ಬೆಚ್ಚಿಬಿದ್ದೆ.

ನಡೆಯಲು ಹೋದಾಗ ಸೊಣ್ಣಮ್ಮ ಗೇಟಿನಿಂದಲೇ ಮಾತ್ರೆಯಾಯಿತು ಎಂದು ಸನ್ನೆ ಮಾಡಿದರು. ಕಾಫಿಗೆ ಸಕ್ಕರೆ ಬಿಟ್ಟಿದ್ದಾರಂತೆ, ಆದರೆ ಬಿಟ್ಟದ್ದನ್ನು ದಿನಕ್ಕೆ ಹತ್ತು ಸಲ ಹೇಳುತ್ತಾರೆ ಎಂದು ಸೊಸೆಯ ದೂರು.

ಅಕ್ಟೋಬರ್ 20, ಸೋಮವಾರ

ದೀಪಾವಳಿ. ಎದುರು ಫ್ಲಾಟಿನವರು ಊರಿಗೆ ಹೋಗಿದ್ದಾರೆ. ಇಡೀ ಮಹಡಿಯಲ್ಲಿ ದೀಪ ನನ್ನ ಬಾಗಿಲಲ್ಲಿ ಮಾತ್ರ. ಎರಡು ಹಣತೆ ಇಟ್ಟೆ. ಯಾರು ನೋಡುತ್ತಾರೆ ಎಂದು ಕೇಳಿಕೊಳ್ಳುವ ಹೊತ್ತಿಗೆ ಹಚ್ಚಿಯಾಗಿತ್ತು.

ನವೆಂಬರ್ 2, ಭಾನುವಾರ

ನಿನ್ನೆ ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವ. ಬಾವುಟ ಏರಿಸುವಾಗ ಹಿಂದೆ ನಿಂತಿದ್ದೆ. ಎಲ್ಲರೂ ಕುಟುಂಬದ ಜೊತೆ ಫೋಟೋ ತೆಗೆಸಿಕೊಳ್ಳಲು ಶುರು ಮಾಡಿದರು, ನಾನು ಲಿಫ್ಟಿನ ಕಡೆ ಸರಿದೆ. ಅಲ್ಲಿ ಗೋಡೆಯ ಮೇಲೆ ಎಲ್ಲರ ಅಂಚೆ ಡಬ್ಬಗಳು. ನನ್ನದರಲ್ಲಿ ಏನೂ ಬರುವುದಿಲ್ಲ, ಬೀಗವನ್ನೂ ಹಾಕಿಲ್ಲ. ಸಂದಿಯಲ್ಲಿ ಹಳದಿ ಕಂಡಿತು.

ಪೋಸ್ಟ್ ಕಾರ್ಡು. ಒಂದೊಂದು ಅಕ್ಷರವೂ ಬೆರಳಷ್ಟು ದೊಡ್ಡದು. ಜಾಗ ಸಾಲದೆ ಕೊನೆಯ ಸಾಲು ಅಂಚಿನಲ್ಲಿ ಮೇಲಕ್ಕೆ ಹತ್ತಿದೆ.

ಮೋನಿಕಮ್ಮಂಗೆ. ಎಂಟನೆ ತಾರೀಕು ಶನಿವಾರ ನಿಂದು. ಕಾರು ನಿಲ್ಲಿಸಿ ಬೇಗ ಬಾ. ಬನ್ನು ತರಬ್ಯಾಡ. ಸೊಣ್ಣಮ್ಮ.

ಅಲ್ಲೇ ನಿಂತು ಓದಿದೆ. ಸೆಕ್ಯೂರಿಟಿಯವನು ಏನಾದರೂ ತೊಂದರೆಯಾ ಮೇಡಂ ಎಂದು ಕೇಳಿದ. ಇಲ್ಲ ಎಂದೆ.

ನಾನು ಅವರಿಗೆ ಹಾಕಬೇಕಾದ ಕಾರ್ಡನ್ನು ಅಕ್ಟೋಬರ್‌ನಲ್ಲೇ ತಂದಿಟ್ಟುಕೊಂಡಿದ್ದೆ. ಇನ್ನೂ ಬರೆದಿರಲಿಲ್ಲ. ದಿನಕ್ಕೆ ಹತ್ತಾರು ಸಂದೇಶ ಬರೆಯುವವಳಿಗೆ ಒಂದು ಕಾರ್ಡು ಸಾಗಲಿಲ್ಲ. ಇವತ್ತು ಬೆಳಿಗ್ಗೆಯಿಂದ ಕೂತು, ರದ್ದಿ ಕಾಗದದ ಮೇಲೆ ಬರೆದು ಹೊಡೆದುಹಾಕಿ, ಕೊನೆಗೆ ಕಾರ್ಡಿಗೆ ಇಷ್ಟನ್ನು ಇಳಿಸಿದ್ದೇನೆ, ಅವರು ಓದಲಿ ಎಂದು ದೊಡ್ಡ ಅಕ್ಷರಗಳಲ್ಲಿ:

ಸೊಣ್ಣಮ್ಮನವರಿಗೆ. ಈ ಶನಿವಾರ ನಿಮ್ಮದು. ಬೆಳಿಗ್ಗೆ ಗೇಟಿನ ಹತ್ತಿರ ಇರುತ್ತೇನೆ, ಬೆಲ್ ಒತ್ತುತ್ತೇನೆ. ಡಬ್ಬಿಯಲ್ಲಿ ಅನ್ನ, ದಂಟಿನ ಸಾರು. ಮನೆಯದೇ. ಮೋನಿಕಮ್ಮ.

ಕಡೆಗಣಿಸಿ ಎಂದು ಎಲ್ಲೂ ಬರೆದಿಲ್ಲ. ನಿನ್ನೆ ರಜೆ, ಇವತ್ತು ಭಾನುವಾರ. ಯಲಹಂಕದ ಅಂಚೆ ಕಚೇರಿ ತೆರೆದ ಕೂಡಲೇ ನಾನೇ ಹೋಗಿ ಹಾಕಬೇಕು.

ನವೆಂಬರ್ 3, ಸೋಮವಾರ

ಕಾರ್ಡು ಹಾಕಿ ಬಂದೆ.